ಬಾಡು ಬಿಟ್ಟು ಬಾಳಬಹುದೇ?

ಕಳೆದ ಕೃಷಿ ಮೇಳದ ಎರಡನೆಯ ದಿನ ಬೇಳೆಕಾಳು ಬೆಳೆಗಳ ಪ್ರಾತ್ಯಕ್ಷಿಕೆ ತಾಕಿನ ಬಳಿ ನಿಂತಿದ್ದೆ. ಹಿರಿಯೂರು ಕಡೆಯ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ತೊಗರಿಯ ಗೊಡ್ಡುರೋಗದ ವಿಷಯ ಇರಬೇಕೆಂದು ನಾನು ಭಾವಿಸಿದ್ದೆ. ಅವರು ಕೇಳಿದ್ದೇ ಬೇರೆ. "ಸಾರ್, ನನ್ನ ಮಗ ಬಾಡು ಬಿಟ್ಟುಬಿಟ್ಟವ್ನೆ. ಇಪ್ಪತ್ತೆರಡು ವರ್ಷದ ಹುಡುಗ. ಬೆಳಗಿಂದ ಸಂಜೆಗಂಟ ಗೇಯಬೇಕು. ಬರೀ ಸೊಪ್ಪುಸದೆ ತಿಂದು ಗೇಯಕ್ಕಾಗ್ತದಾ? ನೀವು ಓದಿದೋರು, ಹೇಳಿ."

ಆಗುತ್ತದೆ ಎಂದೆ. ಆದರೆ ಹೇಳುವಾಗ ದನಿ ಸ್ವಲ್ಪ ತಡವರಿಸಿತು. ಇದೇ ಪ್ರಶ್ನೆ ನಮ್ಮ ಮನೆಯೊಳಗೇ ಬಂದು, ಒಂದು ವರ್ಷ ಕಾಲ ನನ್ನನ್ನು ಕಾಡಿ, ಕೊನೆಗೆ ನನ್ನ ತಪ್ಪನ್ನೇ ನನಗೆ ತೋರಿಸಿಕೊಟ್ಟಿತ್ತು. ಆ ರೈತರಿಗೆ ಅಂದು ನಾಲ್ಕು ಮಾತಿನಲ್ಲಿ ಹೇಳಲಾಗದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಆದರೆ ತಟ್ಟೆಯ ಮೇಲಿನ ಅನ್ನ, ಮುದ್ದೆ, ಕಾಳು ಎಲ್ಲವೂ ಹೊಲದಿಂದಲೇ ಬರುವುದರಿಂದ ಈ ವಿಷಯದಲ್ಲಿ ನಮ್ಮ ಶಾಸ್ತ್ರಕ್ಕೂ ಒಂದು ಮಾತಿದೆ.

ನಮ್ಮದು ಶಿರಾ ಕಡೆಯ ಮಳೆಯಾಶ್ರಿತ ಕೆಂಪು ಭೂಮಿ. ರಾಗಿ, ಕಡಲೆಕಾಯಿ, ಹುರುಳಿ, ಜೊತೆಗೆ ಇಪ್ಪತ್ತು ಮೂವತ್ತು ಕುರಿ. 2023ರ ಯುಗಾದಿಗೆ ಮಗಳು ಮೊದಲ ವರ್ಷದ ಪಿಯುಸಿ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದಳು. ಹಿಂದಿನ ದಸರಾ ರಜೆಯಲ್ಲಿ ತಾಯಿ ಸತ್ತ ಒಂದು ಮರಿಗೆ ಅವಳೇ ಸೀಸೆಯಲ್ಲಿ ಹಾಲು ಕುಡಿಸಿ ಉಳಿಸಿದ್ದಳು. ಹೊಸತೊಡಕಿನ ದಿನ ಕುಯ್ದದ್ದು ಅದೇ ಮರಿ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಊಟಕ್ಕೆ ಕೂತವಳು ತಟ್ಟೆ ಪಕ್ಕಕ್ಕೆ ಸರಿಸಿ, "ಅಪ್ಪಾ, ಇನ್ನು ಮೇಲೆ ನನಗೆ ಬೇಡ" ಎಂದಳು. ನಾಲ್ಕು ದಿನದ ಮಾತು ಎಂದುಕೊಂಡೆವು. ನಮ್ಮವ್ವ ಮಾತ್ರ ಅಂದೇ ಹೇಳಿದರು: "ಈ ಕೂಸು ಬಿಟ್ರೆ ಬಿಟ್ಟಂಗೇ ಕಣಪ್ಪ. ಏನ್ ಉಣ್ತಾಳೆ ಅಂತ ನೀನ್ ನೋಡ್ಕೋ." ಆ ಎರಡನೆಯ ವಾಕ್ಯವನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜೂನ್‌ನಲ್ಲಿ ಹಾಸ್ಟೆಲ್ಲಿಗೆ ಹೋದಳು. ಬೆಳಿಗ್ಗೆ ಚಿತ್ರಾನ್ನ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ತಿಳಿಸಾರು, ರಾತ್ರಿ ಮತ್ತೆ ಅನ್ನ. ಊಟವಾದೊಡನೆ ಚಹಾ. ಹಾಲು ಅವಳಿಗೆ ಚಿಕ್ಕಂದಿನಿಂದಲೂ ಸೇರದು. 2024ರ ಸಂಕ್ರಾಂತಿಗೆ ಮನೆಗೆ ಬಂದಾಗ ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9ರ ಹತ್ತಿರ, ಬಿ–12 ಜೀವಸತ್ವವೂ ಕಡಿಮೆ. ಬಂಧುಗಳೆಲ್ಲ ಒಂದೇ ದನಿಯಲ್ಲಿ "ಬಾಡು ಬಿಟ್ಟದ್ದಕ್ಕೇ ಹೀಗಾಯಿತು" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಒಪ್ಪದಿದ್ದವರು ನಮ್ಮವ್ವ ಒಬ್ಬರೇ. "ಬಾಡು ಬಿಟ್ಟಿದ್ದಕ್ಕಲ್ಲ ಕಣಪ್ಪ. ಮುದ್ದೆ ಬಿಟ್ಟವ್ಳೆ, ಕಾಳು ಬಿಟ್ಟವ್ಳೆ, ಮಜ್ಜಿಗೆ ಬಿಟ್ಟವ್ಳೆ. ಇನ್ನೇನ್ ಉಳೀತು?"

ರೈತರ ಹೊಲದ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಊರೂರು ತಿರುಗಿ ಹೇಳುವವನು, ಮನೆಯ ಮಗಳ ತಟ್ಟೆಯ ಲೆಕ್ಕವನ್ನು ಹತ್ತು ತಿಂಗಳು ನೋಡಿರಲಿಲ್ಲ. ಕಾಗದ ತೆಗೆದುಕೊಂಡು ಕುಳಿತೆ.

ಮೊದಲು ಸಸಾರಜನಕದ ಲೆಕ್ಕ

ಮಾಂಸ ಬಿಟ್ಟರೆ ಶಕ್ತಿ ಹೋಗುತ್ತದೆ ಎಂಬ ಭಯದ ಹಿಂದೆ ಇರುವುದು ಬಹುಮಟ್ಟಿಗೆ ಸಸಾರಜನಕದ ವಿಚಾರ. ನಮ್ಮ ಹಳ್ಳಿಗಳಲ್ಲಿ ಮಾಂಸ ತಿನ್ನುವ ಮನೆಗಳಲ್ಲಿಯೂ ಎಷ್ಟು ತಿನ್ನುತ್ತಾರೆ ಎಂಬುದನ್ನು ಮೊದಲು ನೋಡೋಣ. ದಿನವೂ ಮಾಂಸದಡುಗೆ ಮಾಡುವ ಒಕ್ಕಲು ಮನೆ ಅಪರೂಪ. ವಾರಕ್ಕೊಮ್ಮೆ, ತಲೆಗೆ ಕಾಲು ಕಿಲೋ ಎಂದು ಧಾರಾಳವಾಗಿಯೇ ಹಿಡಿಯೋಣ. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಸಸಾರಜನಕವಿರುತ್ತದೆ. ಮೂಳೆಯ ತೂಕವನ್ನು ಕಳೆಯದಿದ್ದರೂ ವಾರಕ್ಕೆ 50 ಗ್ರಾಂ, ದಿನಕ್ಕೆ 7 ಗ್ರಾಂ ಆಯಿತು. ಹುರುಳಿಯಲ್ಲಿ ನೂರಕ್ಕೆ 22 ಭಾಗ ಸಸಾರಜನಕ ಇರುವುದರಿಂದ ದಿನಕ್ಕೆ ಒಂದು ಹಿಡಿ, ಅಂದರೆ 30 ಗ್ರಾಂ ಹುರುಳಿ ಈ ನಷ್ಟವನ್ನು ತುಂಬುತ್ತದೆ. ಇಷ್ಟಕ್ಕಾಗಿಯೇ ನಾವು ಇಷ್ಟು ಹೆದರಿದೆವೇ ಎಂದು ನನಗೆ ಆಶ್ಚರ್ಯವಾಯಿತು.

ಅಷ್ಟೇ ಅಲ್ಲ. ಶ್ರಾವಣ ಮಾಸ ಬಂದರೆ ನಮ್ಮ ಊರುಗಳಲ್ಲಿ ಅನೇಕ ಮನೆಗಳವರು ಒಂದು ತಿಂಗಳು ಮಾಂಸ ಮುಟ್ಟುವುದಿಲ್ಲ. ರಾಗಿ ಪೈರಿಗೆ ಕುಂಟೆ ಹೊಡೆದು ಕಳೆ ತೆಗೆಯುವ ದಿನಗಳವು. ಯಾರೂ ಸುಸ್ತಾಗಿ ಬಿದ್ದದ್ದನ್ನು ನಾನು ಕಂಡಿಲ್ಲ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ತಲೆತಲಾಂತರದಿಂದ ಮಾಂಸ ಮುಟ್ಟದ ಒಕ್ಕಲುತನದ ಮನೆಗಳಿವೆ. ಎರೆಮಣ್ಣಿನಲ್ಲಿ ಕುಂಟೆ ಹಿಡಿಯುವುದು ಎಂತಹ ಕೆಲಸವೆಂದು ಹಿಡಿದವರಿಗೇ ಗೊತ್ತು. ಆದರೆ ಅವರ ಊಟವನ್ನೂ ನೋಡಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಬೇಳೆ ಹಾಕಿದ ಸೊಪ್ಪು, ಶೇಂಗಾ ಚಟ್ನಿ, ಮೊಸರು. ಒಂದೊಂದು ಪದಾರ್ಥವೂ ಸಸಾರಜನಕವನ್ನು ಹೊತ್ತೇ ಬರುತ್ತದೆ. ಅವರು ಮಾಂಸವನ್ನು ಬಿಟ್ಟವರಲ್ಲ, ಮಾಂಸವಿಲ್ಲದ ಊಟವನ್ನು ನೂರಾರು ವರ್ಷ ಕಟ್ಟಿಕೊಂಡು ಬಂದವರು. ನಿನ್ನೆ ಬಿಟ್ಟವನಿಗೂ ಅವರಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. ಧಾನ್ಯವೇ ಮುಖ್ಯವಾದ ಊಟದಲ್ಲಿ ಅದನ್ನು 1 ಗ್ರಾಂ ಎಂದು ಹಿಡಿಯುವುದು ಕ್ಷೇಮ. ಅಂದರೆ 65 ಕಿಲೋ ತೂಗುವ ಗಂಡಾಳಿಗೆ 65 ಗ್ರಾಂ. ಈಗ ಹಳೆಯ ಕ್ರಮದ ಊಟ ಕಟ್ಟೋಣ. ಕಾಲು ಕಿಲೋ ರಾಗಿಹಿಟ್ಟಿನಿಂದ 17 ಗ್ರಾಂ, 150 ಗ್ರಾಂ ಅಕ್ಕಿಯಿಂದ 11, ಕಾಳು ಮತ್ತು ಬೇಳೆ ಸೇರಿ 80 ಗ್ರಾಂನಿಂದ 18, ಹಾಲು ಮೊಸರು ಸೇರಿ 400 ಮಿಲಿಲೀಟರಿನಿಂದ 13, ಒಂದು ಹಿಡಿ ಕಡಲೆಬೀಜದಿಂದ 7. ಒಟ್ಟು 66 ಗ್ರಾಂ. ಮಾಂಸದ ಹೆಸರೇ ಇಲ್ಲದೆ ಲೆಕ್ಕ ಸರಿಹೋಯಿತು.

ಇನ್ನು ನನ್ನ ಮಗಳು ಹಾಸ್ಟೆಲ್ಲಿನಲ್ಲಿ ಉಣ್ಣುತ್ತಿದ್ದ ಊಟ. ಅಕ್ಕಿ, ರವೆ ಸೇರಿ ಹೆಚ್ಚೆಂದರೆ 300 ಗ್ರಾಂ, ತಿಳಿಸಾರಿನಲ್ಲಿ ಕರಗಿದ ಬೇಳೆ 20–25 ಗ್ರಾಂ, ಚಹಾದೊಳಗಿನ ಹಾಲು. ಎಷ್ಟು ಕೂಡಿಸಿದರೂ 30 ಗ್ರಾಂ ದಾಟಲಿಲ್ಲ. ಅವಳ ತೂಕಕ್ಕೆ ಬೇಕಾದದ್ದು 45ಕ್ಕಿಂತ ಹೆಚ್ಚು. ಇದರ ಮೇಲೆ ವಾರಕ್ಕೊಂದು ತುಂಡು ಕೋಳಿ ಹಾಕಿದ್ದರೂ ತೂತು ಮುಚ್ಚುತ್ತಿರಲಿಲ್ಲ. ನಮ್ಮವ್ವ ಹೇಳಿದ್ದು ಇದನ್ನೇ.

ಸಸಾರಜನಕದ ಗುಣದ ಬಗ್ಗೆಯೂ ಒಂದು ಮಾತು. ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ, ರಾಗಿಯಲ್ಲಿ ಅದು ಚೆನ್ನಾಗಿದೆ. ಆದುದರಿಂದ ರಾಗಿಮುದ್ದೆ, ಅವರೆಕಾಳು ಸಾರು ಒಂದರ ಕೊರತೆಯನ್ನು ಒಂದು ತುಂಬುವ ಜೋಡಿ. ಈ ಜೋಡಿ ಹೊಲದಲ್ಲಿಯೂ ಜೋಡಿಯೇ ಆಗಿತ್ತೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆಯ ಹುರುಳಿ ಕಟ್ಟಿನ ಸಾರಿನ ವಿಷಯದಲ್ಲಿ ಮಾತ್ರ ಒಂದು ಆಕ್ಷೇಪಣೆ ಇದೆ. ಹುರುಳಿ ಬೇಯಿಸಿ, ಕಟ್ಟನ್ನು ಬಸಿದು ಮನೆಯವರಿಗೆ ಸಾರು ಮಾಡಿ, ಬೆಂದ ಕಾಳನ್ನು ಎತ್ತುಗಳಿಗೆ ಇಡುವುದು ಹಿಂದಿನ ವಾಡಿಕೆ. ಸಾರಿನ ರುಚಿಗೆ ಎಣೆಯಿಲ್ಲ, ಒಪ್ಪಿದೆ. ಆದರೆ ಸಸಾರಜನಕದ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿದು ಎತ್ತಿನ ಬಾಯಿಗೆ ಹೋಗುತ್ತಿತ್ತು. ಎತ್ತು ಗೇಯುತ್ತಿತ್ತು, ಸರಿ. ಈಗ ಎತ್ತೂ ಇಲ್ಲ. ಕಾಳನ್ನು ನಾವೇ ತಿನ್ನಬಹುದು.

ನಿಜವಾದ ಕೊರತೆ ಎಲ್ಲಿ?

ಭತ್ತದ ಗದ್ದೆಯಲ್ಲಿ ಸತುವಿನ ಕೊರತೆಯಿದ್ದರೆ ಎಷ್ಟು ಮೂಟೆ ಯೂರಿಯಾ ಸುರಿದರೂ ಪೈರು ಏಳುವುದಿಲ್ಲ. ಎಕರೆಗೆ 8 ಕಿಲೋ ಸತುವಿನ ಸಲ್ಫೇಟ್ ಹಾಕಿದರೆ ಏಳುತ್ತದೆ. ಅತಿ ಕಡಿಮೆ ಇರುವ ಪೋಷಕಾಂಶವೇ ಇಳುವರಿಯನ್ನು ನಿರ್ಧರಿಸುತ್ತದೆಂಬ ಈ ನಿಯಮವನ್ನು ನಮ್ಮ ಓದುಗರು ಬಲ್ಲರು. ಮಾಂಸ ಬಿಟ್ಟವರ ದೇಹಕ್ಕೆ ಸತುವಿನಂತೆ ಕಾಡುವ ಅಂಶಗಳು ಎರಡು: ಬಿ–12 ಮತ್ತು ಕಬ್ಬಿಣ.

ಬಿ–12 ಜೀವಸತ್ವವನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ಅದನ್ನು ಮಾಡುವವು ಸೂಕ್ಷ್ಮಜೀವಿಗಳು ಮಾತ್ರ. ಕುರಿ, ದನಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನೊಡನೆ ಬರುವ ಕೋಬಾಲ್ಟ್ ಎಂಬ ಲೋಹದ ಅಂಶವನ್ನು ಬಳಸಿ ಇದನ್ನು ತಯಾರಿಸುತ್ತವೆ. ಅದು ಅವುಗಳ ಮಾಂಸಕ್ಕೆ, ಹಾಲಿಗೆ ಸೇರುತ್ತದೆ. ಆದುದರಿಂದ ಸೊಪ್ಪು, ಕಾಳು, ಹಣ್ಣು ಎಷ್ಟು ತಿಂದರೂ ಬಿ–12 ಸಿಗುವುದಿಲ್ಲ. ಹಾಲು, ಮೊಸರಿನಿಂದ ಸಿಗುತ್ತದೆ, ಮೊಟ್ಟೆಯಿಂದ ಸಿಗುತ್ತದೆ. ದಿನಕ್ಕೆ ಎರಡು ದೊಡ್ಡ ಲೋಟ ಹಾಲು ಅಥವಾ ಮೊಸರು ತೆಗೆದುಕೊಳ್ಳುವವರಿಗೆ ಬೇಕಾದದ್ದು ಹೆಚ್ಚುಕಡಿಮೆ ದೊರೆಯುತ್ತದೆ. ಹಾಲನ್ನೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಹಳ್ಳಿಯ ನೀರಿನಿಂದ, ತೊಳೆಯದ ಸೊಪ್ಪಿನಿಂದ ಬಿ–12 ಬರುತ್ತದೆ ಎಂದು ಹೇಳುವವರಿದ್ದಾರೆ. ಅದನ್ನು ನಂಬಿಕೊಂಡು ಕುಳಿತರೆ ಬಿ–12ಕ್ಕಿಂತ ಮೊದಲು ಬೇಧಿ ಬರುತ್ತದೆ.

ಇದರಲ್ಲಿ ಒಂದು ಮೋಸವಿದೆ. ಬಿ–12 ನಮ್ಮ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ಸಂಗ್ರಹವಾಗಿರುತ್ತದೆ. ಮಾಂಸ ಬಿಟ್ಟ ಮೊದಲ ವರ್ಷ, ಎರಡನೆಯ ವರ್ಷ ಏನೂ ಆಗುವುದಿಲ್ಲ. "ನೋಡಿದಿರಾ, ನನಗೇನೂ ಆಗಲಿಲ್ಲ" ಎಂದು ಹೇಳುವವರು ಈ ಅವಧಿಯವರು. ಆಮೇಲೆ ಕೈಕಾಲು ಜೋಮು, ಮರೆವು, ರಕ್ತಹೀನತೆ ನಿಧಾನವಾಗಿ ಕಾಣಿಸಿಕೊಳ್ಳುತ್ತವೆ. ಬಹಳ ಕಾಲ ಬಿಟ್ಟರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದಿರಬಹುದು. ಹಾಗಾದರೆ ಹತ್ತೇ ತಿಂಗಳಲ್ಲಿ ನನ್ನ ಮಗಳಿಗೆ ಹೇಗೆ ಕಡಿಮೆಯಾಯಿತು? ಹಾಲು ಸೇರದ, ಮಾಂಸವನ್ನೂ ವಾರಕ್ಕೊಂದು ತುಂಡು ತಿನ್ನುತ್ತಿದ್ದ ಹುಡುಗಿಯ ಕಣಜ ಮೊದಲೇ ತಳ ಕಂಡಿತ್ತು ಎಂದೇ ಅರ್ಥ. ಮಾಂಸ ತಿನ್ನುವ ಮನೆ ಎಂಬ ಹೆಸರಿನಿಂದ ನಾವು ನಿಶ್ಚಿಂತೆಯಾಗಿದ್ದೆವು, ಅಷ್ಟೆ.

ಕಬ್ಬಿಣದ ಕತೆ ಬೇರೆ. ಅದು ಸೊಪ್ಪಿನಲ್ಲಿದೆ, ಹುರುಳಿಯಲ್ಲಿದೆ, ರಾಗಿಯಲ್ಲಿದೆ. ಆದರೆ ಇರುವುದು ಬೇರೆ, ದೇಹಕ್ಕೆ ಒಗ್ಗುವುದು ಬೇರೆ. ಸುಣ್ಣದ ಭೂಮಿಯಲ್ಲಿ ಕಬ್ಬಿಣವಿದ್ದರೂ ಕಡಲೆಕಾಯಿ ಗಿಡ ಹಳದಿಯಾಗುವುದನ್ನು ನೀವು ನೋಡಿದ್ದೀರಿ. ಇದೂ ಹಾಗೆಯೇ. ಮಾಂಸದಲ್ಲಿರುವ ಕಬ್ಬಿಣವು ರಕ್ತಕ್ಕೆ ಸುಲಭವಾಗಿ ಸೇರುತ್ತದೆ. ಧಾನ್ಯ, ಸೊಪ್ಪಿನ ಕಬ್ಬಿಣ ನೂರಕ್ಕೆ ಹತ್ತು ಭಾಗ ಸೇರಿದರೆ ಹೆಚ್ಚು. ಕಾಳಿನಲ್ಲಿರುವ ಫೈಟೇಟ್ ಮತ್ತು ಚಹಾ, ಕಾಫಿಯ ಒಗರು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿಡಿಸುವ ಉಪಾಯಗಳು ನಮ್ಮ ಅಡುಗೆಮನೆಯಲ್ಲೇ ಇವೆ. ಹುರುಳಿ, ಹೆಸರನ್ನು ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಊಟದ ಜೊತೆ ನಿಂಬೆಹಣ್ಣು ಹಿಂಡಿದರೆ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿಂದರೆ ಅವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಒಳಕ್ಕೆ ಕರೆದೊಯ್ಯುತ್ತದೆ. ಊಟವಾದ ಮೇಲೆ ಒಂದೆರಡು ಗಂಟೆ ಚಹಾ ಕುಡಿಯಬಾರದು. ಇಷ್ಟು ಮಾಡಿ, ವೈದ್ಯರು ಕೊಟ್ಟ ಮಾತ್ರೆಗಳನ್ನೂ ನುಂಗಿ, ಮಗಳ ಹಿಮೋಗ್ಲೋಬಿನ್ 12 ಮುಟ್ಟಲು ಐದು ತಿಂಗಳು ಹಿಡಿಯಿತು. ಮೊಸರನ್ನು ಮೊದಲು ಮೂಗು ಮುಚ್ಚಿಕೊಂಡು, ಈಗ ಸುಮ್ಮನೆ ತಿನ್ನುತ್ತಾಳೆ. ಮೊಟ್ಟೆ ಮುಟ್ಟುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇವರೆಲ್ಲ ಮಾಂಸ ಬಿಟ್ಟವರಲ್ಲ. ಮಾಂಸದೂಟವಾದ ದಿನ ಮನೆಯ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಉಳಿದ ರಸದಲ್ಲಿ ಮುದ್ದೆ ಅದ್ದಿ ತಿನ್ನುವ ತಾಯಂದಿರು ಎಷ್ಟು ಮನೆಗಳಲ್ಲಿಲ್ಲ? ಅವರು ಮಾಂಸಾಹಾರಿಗಳೋ ಸಸ್ಯಾಹಾರಿಗಳೋ ಎಂಬ ಪ್ರಶ್ನೆಗೆ ಏನು ಅರ್ಥ?

ಆ ಕಾರಣದಿಂದ, ಯಾರಿಗೆ ಬಿಡಿ ಎಂದು ಹೇಳಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಾಲಿಲ್ಲ, ಕಾಳಿಲ್ಲ, ಕೂಲಿ ಮಾಡಿ ತಂದ ಅಕ್ಕಿಯೇ ಊಟ ಎನ್ನುವ ಕುಟುಂಬಕ್ಕೆ ವಾರದ ಒಂದು ಮೊಟ್ಟೆ, ಕೆರೆಯ ನಾಲ್ಕು ಮೀನು ಬಹಳ ದೊಡ್ಡವು. ಬಸುರಿಯರಿಗೆ, ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ ಬದಲಿಯನ್ನು ಕೈಯಲ್ಲಿ ಕೊಡದೆ ಉಪದೇಶ ಮಾತ್ರ ಕೊಡುವುದು ಅನ್ಯಾಯ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಧ್ಯಾಹ್ನದೂಟಕ್ಕೆ ಮೊಟ್ಟೆ ಕೊಡಲು ಆರಂಭಿಸಿದಾಗ ಬಹಳ ಚರ್ಚೆ ನಡೆಯಿತು. ಬೇಡವೆಂದವರಿಗೆ ಬಾಳೆಹಣ್ಣು ಎಂದಾಯಿತು. ಬೇಡವೆಂದ ಮಗುವಿನ ಮಾತಿಗೆ ಬೆಲೆ ಕೊಟ್ಟದ್ದು ಸರಿ. ಆದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಸಾರಜನಕ, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ, ಬಿ–12 ಸೊನ್ನೆ. ಅದು ಬದಲಿ ಅಲ್ಲ, ಸಮಾಧಾನ ಮಾತ್ರ. ಒಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ ಕೊಟ್ಟರೆ ಬದಲಿ ಎನ್ನಬಹುದು.

ಹೊಲದಲ್ಲಿ ಏನು ಬದಲಾಗಬೇಕು?

ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳಿ ಊಟ ಕಟ್ಟುವುದಾದರೆ ಬಡ ರೈತ ಮಾಂಸ ಬಿಡಲಾರ. ಹೊಲದಲ್ಲೇ ಕಾಳು ಬೆಳೆಯಬೇಕು. ಐದು ಜನರ ಮನೆಗೆ ತಲೆಗೆ 80 ಗ್ರಾಂ ಎಂದರೆ ದಿನಕ್ಕೆ 400 ಗ್ರಾಂ, ವರ್ಷಕ್ಕೆ ಒಂದೂವರೆ ಕ್ವಿಂಟಾಲ್ ಕಾಳು. ಇದು ಮಳೆಯಾಶ್ರಿತ ರೈತನಿಗೆ ಎಟುಕದ ಮಾತಲ್ಲ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು, ಜೋಳ ಎಲ್ಲ ಒಂದೇ ಹೊಲದಿಂದ ಬರುತ್ತಿದ್ದವು. ಮುದ್ದೆ ಮತ್ತು ಸಾರು ಒಟ್ಟಿಗೆ ಬೆಳೆಯುತ್ತಿದ್ದವು ಎಂದರೆ ತಪ್ಪಾಗಲಾರದು. ಇಂದಿನ ಶಿಫಾರಸಿನಂತೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕಬಹುದು. ರಾಗಿ ಬೇಗ ಕುಯ್ಲಿಗೆ ಬರುತ್ತದೆ. ಅದುವರೆಗೆ ನಿಧಾನವಾಗಿ ಬೆಳೆಯುವ ತೊಗರಿ ಆಮೇಲೆ ಹರಡಿಕೊಳ್ಳುತ್ತದೆ. ಎಲೆ ಉದುರಿಸಿ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಭೂಮಿಗೂ ಕೊಡುತ್ತದೆ. ಬಿತ್ತನೆಗೆ ಮುನ್ನ ರೈಜೋಬಿಯಂ ಜೀವಾಣು ಗೊಬ್ಬರವನ್ನು ಬೀಜಕ್ಕೆ ಲೇಪಿಸಲು ಮರೆಯಬಾರದು. ಮುಂಗಾರು ಕೈಕೊಟ್ಟು ರಾಗಿ ಬಿತ್ತಲಾಗದೆ ಹೋದ ತುಂಡುಭೂಮಿಗೆ ಹಿಂಗಾರಿನ ಹುರುಳಿ ಇದ್ದೇ ಇದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಬಿತ್ತಿದರೆ ಎಕರೆಗೆ ಎರಡು ಮೂರು ಕ್ವಿಂಟಾಲ್ ಸಿಕ್ಕೀತು. ಅವರೆಗೆ ಚಳಿಗಾಲವನ್ನೇ ಕಾಯಬೇಕೆಂಬುದೂ ಈಗಿಲ್ಲ. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂಬಿಡುವ ಹೆಬ್ಬಾಳ ಅವರೆ–3 ಮತ್ತು 4 ತಳಿಗಳನ್ನು ನೀರಿದ್ದರೆ ಯಾವ ಕಾಲದಲ್ಲಾದರೂ ಬೆಳೆಯಬಹುದು.

ಸೊಪ್ಪಿನ ವಿಷಯದಲ್ಲಿ ನಾನೇ ತಪ್ಪೊಪ್ಪಿಕೊಳ್ಳಬೇಕಾಗಿದೆ. ನಮ್ಮವ್ವ ಹೊಲಕ್ಕೆ ಹೋದರೆ ಬರುವಾಗ ಮಡಿಲಲ್ಲಿ ಅಣ್ಣೆಸೊಪ್ಪು, ಕನ್ನೆಸೊಪ್ಪು, ಇನ್ನೂ ಹೆಸರು ಗೊತ್ತಿಲ್ಲದ ಹತ್ತು ಬಗೆಯ ಬೆರಕೆ ಸೊಪ್ಪು ಇರುತ್ತಿತ್ತು. ಬಸ್ಸಾರು, ಮಸ್ಸೊಪ್ಪು ಎಲ್ಲ ಅದರದ್ದೇ. ನಾವು ಬೇಸಾಯ ಶಾಸ್ತ್ರದವರು ಇವನ್ನೆಲ್ಲ ಕಳೆ ಎಂಬ ಒಂದೇ ಪಟ್ಟಿಯಲ್ಲಿ ಬರೆದು, ಬಿತ್ತಿದ ಮೂರು ದಿನದೊಳಗೆ ಇಂಥ ಕಳೆನಾಶಕ ಸಿಂಪಡಿಸಿ ಎಂದು ಹೇಳಿಕೊಟ್ಟೆವು. ಕೂಲಿ ಆಳು ಸಿಗದ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ, ನಿಜ. ಆದರೂ ಮನೆಯ ಹಿತ್ತಲಿನಲ್ಲಿ ಒಂದು ನುಗ್ಗೆಮರ, ಒಂದು ಮಡಿ ದಂಟು, ಒಂದು ನಿಂಬೆಗಿಡ ಇಲ್ಲದೆ ಮಾಂಸ ಬಿಡುವ ಯೋಚನೆ ಬೇಡ.

ಕುರಿಗಳ ಗತಿ ಏನು?

ಇನ್ನು ಕಷ್ಟದ ಭಾಗಕ್ಕೆ ಬರುತ್ತೇನೆ. ಮಗಳು ಒಮ್ಮೆ ಕೇಳಿದಳು: "ಎಲ್ಲರೂ ಬಿಟ್ಟರೆ ನಮ್ಮ ಕುರಿಗಳು ನೆಮ್ಮದಿಯಾಗಿ ಇರುತ್ತವೆ ಅಲ್ವಾ ಅಪ್ಪಾ?" ಇರುವುದಿಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 10 ಲಕ್ಷದಷ್ಟು ಕುರಿಗಳಿದ್ದವು. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಕಂಬಳಿ ಕೇಳುವವರು ಕಡಿಮೆಯಾಗಿ ಉಣ್ಣೆ ಕತ್ತರಿಸಿದ ಕೂಲಿಯೂ ಗಿಟ್ಟುವುದಿಲ್ಲ. ಕುರಿ ಉಳಿದಿರುವುದು ಮಾಂಸಕ್ಕಾಗಿ. ಮಾಂಸ ಕೇಳುವವರಿಲ್ಲದಿದ್ದರೆ ಹತ್ತು ವರ್ಷದಲ್ಲಿ ಮಂದೆಗಳು ಕರಗಿಹೋಗುತ್ತವೆ.

ಮಂದೆ ಹೋದರೆ ಹೊಲಕ್ಕೆ ಏನಾಗುತ್ತದೆ? ಬೇಸಿಗೆಯಲ್ಲಿ ಕುರಿಗಾಹಿಗಳನ್ನು ಕರೆಸಿ, ರಾತ್ರಿಗೆ ಇಷ್ಟು ಕಾಳು, ಇಷ್ಟು ದುಡ್ಡು ಎಂದು ಮಾತಾಡಿ ಹೊಲದಲ್ಲಿ ಮಂದೆ ನಿಲ್ಲಿಸುವುದು ನಮ್ಮ ಬಯಲುಸೀಮೆಯ ದೊಡ್ಡ ಗೊಬ್ಬರದ ವ್ಯವಸ್ಥೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗವಿದ್ದರೆ ಕುರಿ ಹಿಕ್ಕೆಯಲ್ಲಿ ಸುಮಾರು 3 ಭಾಗವಿರುತ್ತದೆ. ಸಾಗಣೆಯ ಖರ್ಚಿಲ್ಲ, ಮೂತ್ರವೂ ನೆಲಕ್ಕೇ ಸೇರುತ್ತದೆ. ಬೀಳುಭೂಮಿಯ ಹುಲ್ಲು, ಕೂಳೆ, ಮುಳ್ಳುಗಿಡದ ಕಾಯಿ ಮನುಷ್ಯನು ತಿನ್ನುವಂಥವಲ್ಲ. ಕುರಿ ಅವನ್ನು ತಿಂದು ಗೊಬ್ಬರ ಮಾಡಿಕೊಡುತ್ತದೆ. ಈ ವರ್ಷ ನಾವು ತಿಂದ ರಾಗಿಯ ಹಿಂದೆ ಯಾವುದೋ ಮಂದೆಯ ಗೊಬ್ಬರವಿದೆ.

ಕೋಳಿಯ ಲೆಕ್ಕ ಹೀಗಲ್ಲ. ಫಾರಂ ಕೋಳಿ ತಿನ್ನುವುದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಎರಡೂ ಒಳ್ಳೆಯ ಭೂಮಿಯಲ್ಲಿ ಬೆಳೆದವು. ಒಂದು ಕಿಲೋ ತೂಕ ಏರಲು ಸುಮಾರು 1.7 ಕಿಲೋ ಆಹಾರ ಬೇಕು. ಪುಕ್ಕ, ಕರುಳು, ಮೂಳೆ ಕಳೆದರೆ, ಕೋಳಿ ತಿಂದ ಸಸಾರಜನಕದಲ್ಲಿ ನಮ್ಮ ತಟ್ಟೆಗೆ ಬರುವುದು ಅರ್ಧಕ್ಕಿಂತ ಕಡಿಮೆ. ದಾವಣಗೆರೆ, ಹಾವೇರಿ ಕಡೆ ಎಕರೆಗಟ್ಟಲೆ ಮೆಕ್ಕೆಜೋಳ ಹಬ್ಬಿದ್ದರ ಹಿಂದೆ ಈ ಕೋಳಿಗಳ ಹಸಿವೂ ಇದೆ. ನನ್ನನ್ನು ಕೇಳಿದರೆ, ಹೊಲದ ದೃಷ್ಟಿಯಿಂದ ಮೊದಲು ಕಡಿಮೆ ಮಾಡಬೇಕಾದದ್ದು ವಾರಕ್ಕೆ ಮೂರು ದಿನದ ಫಾರಂ ಕೋಳಿಯನ್ನು. ಹಬ್ಬಕ್ಕೊಂದು ಮರಿಯ ಊಟದಿಂದ ಭೂಮಿಗೆ ಹಾನಿಯಿಲ್ಲ. ಕೋಳಿ ಸಾಕಿದ ರೈತರು ಈ ಮಾತಿಗೆ ಸಿಟ್ಟಾಗಬಹುದು. ಅವರ ಸಾಲದ ಕಂತು ನನಗೂ ಗೊತ್ತು. ಆದರೂ ಲೆಕ್ಕ ಲೆಕ್ಕವೇ.

ಹಾಲಿನ ವಿಷಯವನ್ನು ಮಗಳಿಗೆ ಹೇಳಲು ನನಗೆ ಇನ್ನೂ ಕಷ್ಟವಾಯಿತು. ಮಾಂಸ ಬಿಟ್ಟವಳಿಗೆ ಬಿ–12 ಕೊಡುವುದು ಮೊಸರು. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹಾಕಿದ ಕರುಗಳಲ್ಲಿ ಅರ್ಧ ಗಂಡು. ಉಳುಮೆ ಟ್ರ್ಯಾಕ್ಟರಿನದಾದ ಮೇಲೆ ಮಿಶ್ರತಳಿಯ ಗಂಡುಕರುವಿಗೆ ರೈತನ ಮನೆಯಲ್ಲಿ ಕೆಲಸವಿಲ್ಲ. ಅವು ಎಲ್ಲಿಗೆ ಹೋಗುತ್ತವೆ ಎಂದು ಹಾಲು ಹಾಕುವ ಯಾವ ರೈತನೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರೂ ಇಲ್ಲ. ಹೆಣ್ಣುಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯ ಈಗ ದೊರೆಯುತ್ತಿರುವುದರಿಂದ ಈ ಸಂಕಟ ಸ್ವಲ್ಪ ಕಡಿಮೆಯಾಗಬಹುದು. ಅಲ್ಲಿಯವರೆಗೆ, ಮೊಸರನ್ನ ಉಣ್ಣುವವರು ಪಕ್ಕದ ಎಲೆಯ ಬಾಡೂಟವನ್ನು ನೋಡಿ ಮೂಗು ಮುರಿಯಲು ನನಗಂತೂ ಆಧಾರ ಕಾಣುವುದಿಲ್ಲ. ಹಾಗೆಯೇ ಸೊಪ್ಪು ತಿನ್ನುವವನನ್ನು ಪುಳಿಚಾರು ಎಂದು ಹಂಗಿಸುವ ನಮ್ಮ ಕಡೆಯವರ ಚಟಕ್ಕೂ ಆಧಾರವಿಲ್ಲ. ಇದನ್ನೆಲ್ಲ ಕೇಳಿದ ಮೇಲೆ ಮಗಳು ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಿದ್ದೂ ನಾನು ಮೊಸರು ತಿನ್ನಬೇಕು, ಅಷ್ಟೇ ತಾನೆ?" ಎಂದಳು. ನಾನು ಹೌದೆಂದೆ. ಅವಳು ಒಪ್ಪಿದಳೋ ಇಲ್ಲವೋ, ತಟ್ಟೆಯಲ್ಲಿ ಮೊಸರು ಇದೆ.

ಹಿರಿಯೂರು ಕಡೆಯ ಆ ರೈತರಿಗೆ ಹೇಳಬೇಕಾದದ್ದು ಇಷ್ಟು. ನಿಮ್ಮ ಮಗ ಗೇಯಬಲ್ಲ. ಮುದ್ದೆ ಬಿಡದಂತೆ ನೋಡಿಕೊಳ್ಳಿ. ಸಾರಿನಲ್ಲಿ ಕಾಳು ಕೈಗೆ ಸಿಗುವಷ್ಟಿರಲಿ. ಎರಡು ಹೊತ್ತು ಮೊಸರು ಅಥವಾ ಗಟ್ಟಿ ಮಜ್ಜಿಗೆ, ಒಂದು ಹಿಡಿ ಕಡಲೆಬೀಜ, ಊಟದ ಜೊತೆ ನಿಂಬೆಹಣ್ಣು. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಮತ್ತು ಬಿ–12 ಪರೀಕ್ಷೆ ಮಾಡಿಸಿ. ಒಂದು ಮೂಟೆ ಕಾಂಪ್ಲೆಕ್ಸ್ ಗೊಬ್ಬರಕ್ಕಿಂತ ಹೆಚ್ಚು ಖರ್ಚಾಗುವುದಿಲ್ಲ. ಮನೆಯ ಹೆಂಗಸರಿಗೂ ಅದನ್ನೇ ಮಾಡಿಸಿ, ಅವರು ಮಾಂಸ ತಿಂದರೂ ಸರಿಯೇ. ಬರುವ ಮುಂಗಾರಿಗೆ ರಾಗಿಯಲ್ಲಿ ಎರಡು ಸಾಲು ತೊಗರಿ ಬಿಡಿ. ಅವನು ಏಕೆ ಬಿಟ್ಟ ಎಂದು ನಾನು ನಿಮ್ಮನ್ನು ಕೇಳಲಿಲ್ಲ, ನೀವೂ ಹೇಳಲಿಲ್ಲ. ಒಮ್ಮೆ ಅವನನ್ನೇ ಕೇಳಿ ನೋಡಿ.

ನಾನು ಬಿಟ್ಟಿಲ್ಲ. ಫಾರಂ ಕೋಳಿ ತಿನ್ನುವುದನ್ನು ನಿಲ್ಲಿಸಿದ್ದೇನೆ. ಹೊಸತೊಡಕಿಗೆ, ಮಾರನಮಿಗೆ ಹಿರಿಯರ ಎಡೆ ಇಟ್ಟ ದಿನ ತಿನ್ನುತ್ತೇನೆ. ಈ ಸಲದ ಹೊಸತೊಡಕಿನಲ್ಲಿ ನಮ್ಮವ್ವ ಒಲೆಯ ಮೇಲೆ ಎರಡು ಪಾತ್ರೆ ಇಟ್ಟಿದ್ದರು. ಒಂದರಲ್ಲಿ ಬಾಡಿನ ಸಾರು, ಒಂದರಲ್ಲಿ ಮೊಳಕೆ ಹುರುಳಿ. ಸೌಟು ಬೇರೆ ಬೇರೆ. ಮೊಮ್ಮಗಳಿಗೆ ಬಡಿಸಿದ ಮೇಲೆ ತಮಗೂ ಹುರುಳಿಯನ್ನೇ ಬಡಿಸಿಕೊಂಡರು. ಕೇಳಿದರೆ, "ಹಲ್ಲಿಲ್ಲ ಕಣಪ್ಪ" ಎಂದರು.